ಸೂರಕ್ಕಿಯ ಬಾಣಂತನ

ಹೂವಿನ ಗಿಡ ಹಚ್ಚಿದರೆ ಹೂವಿನ ಜೊತೆ ಇನ್ನೂ ಏನೇನು ಮನೆಗೆ ಬರುತ್ತದೆಂದು ಯಾರೂ ಮೊದಲೇ ಹೇಳುವುದಿಲ್ಲ. ಧಾರವಾಡದ ನಮ್ಮ ಬಾಡಿಗೆ ಮನೆಯ ಅಂಗಳದಲ್ಲಿ ಇರುವುದು ಒಂದು ದಾಸವಾಳ, ನಾಲ್ಕು ಬದನೆ ಗಿಡ. ನಮ್ಮ ಫಜೀತಿಗೆ ಅಷ್ಟೇ ಸಾಕಾಯಿತು.

೧. ಗಂಟೆ ಒತ್ತಬೇಡಿ

ಹೂವಿನ ರಸ ಹೀರುವ, ಹೆಬ್ಬೆರಳಿನಷ್ಟಿರುವ ಒಂದು ಸೂರಕ್ಕಿ ನಮ್ಮ ಕರೆಗಂಟೆಯ ಜೋತುಬಿದ್ದ ತಂತಿಗೆ ಗೂಡು ಕಟ್ಟಿ ಎರಡು ಮರಿ ಮಾಡಿತು. ಗುಂಡಿಯತ್ತ ಯಾರಾದರೂ ಕೈ ಚಾಚಿದರೆ ತಾಯಿ ಹೆದರಿ ಹಾರಿಹೋಗುತ್ತದೆ. ಒಂದನೆಯ ಇಯತ್ತೆಯಲ್ಲಿ ಓದುವ ನನ್ನ ಮಗಳು ಗಂಟೆಯನ್ನೇ ಬಂದ್ ಮಾಡಿಸಿದಳು. "ಮರಿ ಸತ್ರ ನಾ ಊಟಾ ಮಾಡಂಗಿಲ್ಲ" ಎಂದಳು. ಹಿಂದೆ ಸಾಕಿದ ಮೀನು ಸತ್ತಾಗ ಎರಡು ದಿನ ಅನ್ನ ಮುಟ್ಟದವಳು. ಹಾಗಾಗಿ ಆ ಮರಿಗಳ ಚಿಂತೆ ಹಕ್ಕಿಗಿಂತ ನನಗೇ ಹೆಚ್ಚಾಯಿತು.

ಗಂಡ ಬಾಗಿಲ ಹೊರಗೆ ನಿಂತು ಫೋನು ಮಾಡಿ, "ಬಂದೇನಿ, ತೆಗಿ" ಎಂದು ಪಿಸುಗುಟ್ಟುತ್ತಿದ್ದರು. ಅತ್ತೆ, "ನಿನ್ನ ಬಾಣಂತನದಾಗೂ ಮನಿ ಇಷ್ಟು ತಣ್ಣಗ ಇರಲಿಲ್ಲ ನೋಡವಾ" ಎಂದರು.

"ಆವಾಗ ನೀವ ಮಾತಾಡತಿದ್ರಲ್ರೀ ಅತ್ತಿ."

೨. ದೇವರ ಪಾಲು

ಪಕ್ಕದ ಓಣಿಯ ನಿವೃತ್ತ ವಿಜ್ಞಾನ ಮಾಸ್ತರರು ದಿನಾ ವಾಕಿಂಗಿಗೆ ಬಂದು, ದೇವರ ಪೂಜೆಗೆಂದು ಕೊಕ್ಕೆ ಕೋಲಿನಿಂದ ನಮ್ಮ ದಾಸವಾಳ ಎಳೆದು ಚೀಲ ತುಂಬಿಕೊಳ್ಳುತ್ತಿದ್ದರು. ಮಗಳು ಅಳುಮುಖ ಮಾಡಿ, "ಅಜ್ಜಾ, ಹಕ್ಕಿ ಏನ್ ಕುಡೀಬೇಕು?" ಎಂದಳು.

ಅವರು ಅಲ್ಲೇ ಪಾಠ ಶುರು ಮಾಡಿದರು. "ನೋಡವಾ, ಅದರ ಕೊಕ್ಕು ಸೂಜಿ ಹಂಗ ಬಾಗೇತಿ. ನಾಲಿಗಿ ಕೊಳವಿ ಇದ್ದಂಗ. ಆದ್ರ ದಾಸವಾಳ ಉದ್ದ ಅಲ್ಲಾ? ಅದಕ್ಕ ಬುಡದಾಗ ತೂತು ಹೊಡದು ಹಿಂದಿಂದ ಕುಡೀತೈತಿ. ಖರೇ ಹೇಳಬೇಕಂದ್ರ ಅದೂ ಕಳ್ಳನ."

ನಾನು ಕಸಬರಿಗೆ ಕೆಳಗಿಟ್ಟು ಹೇಳಿದೆ: "ಇರಬೋದ್ರಿ ಸರ್. ಆದ್ರ ಅದು ಹೂವು ಗಿಡದಾಗ ಬಿಟ್ಟು ಹೋಗತೈತಿ."

೩. ಕರಿ ದುಂಬಿ

ಮರುದಿನ ಬದನೆ ಹೂವಿಗೆ ದಪ್ಪ ಕರಿ ದುಂಬಿಯೊಂದು ಜೋತುಬಿದ್ದು ಗುಂಯ್‌ಗುಟ್ಟುತ್ತಿತ್ತು. ಮರಿಗಳನ್ನು ಕಡಿದೀತೆಂದು ನನ್ನ ಗಂಡ ಜಿರಳೆ ಔಷಧದ ಡಬ್ಬಿ ಹಿಡಿದು ಹೊರಟರು. ಅಮ್ಮಿನಬಾವಿಯ ಹೊಲದಲ್ಲಿ ಬೆಳೆದ ಅತ್ತೆ ಅಡ್ಡ ನಿಂತರು.

"ಹುಚ್ಚಾ, ಆ ಹಕ್ಕಿ ಮರಿಗೆ ತಿನಸೂದು ಇಲ್ಲೀ ಹುಳಾನ. ಔಷಧ ಹೊಡದು ಅವನ್ನೂ ಕೊಲ್ಲತೀಯೇನು? ಮತ್ತ ಈ ದುಂಬಿ ಹೂವು ಹಿಡದು ಗದಗದ ನಡುಗಿಸಿದ್ರನ ಪುಡಿ ಉದರತೈತಿ, ಕಾಯಿ ಕಟ್ಟತೈತಿ. ಎಣ್ಣಿಗಾಯಿ ಎಲ್ಲಿಂದ ಬರತೈತಿ ಅಂತ ತಿಳದೀ?"

"ಅವ್ವಾ, ಅದು ನನಗ ಕಡದ್ರ?"

"ಎಣ್ಣಿಗಾಯಿ ಬೇಕಿದ್ರ ಕಡಿಸ್ಕೋ!"

೪. ಖಾಲಿ ಗೂಡು

ಒಂದು ಮುಂಜಾನೆ ಗೂಡು ಖಾಲಿ. ಓಣಿಯ ಬೆಕ್ಕಿನ ಕೆಲಸವೇ ಇರಬೇಕು ಎಂದುಕೊಂಡೆ. ಮಗಳು ಹಾಲಿನ ಲೋಟ ದೂಡಿ ಮೂಲೆ ಸೇರಿದಳು. ಅತ್ತೆ ಮಂಚದ ಕೆಳಗೆ, ನಾನು ಗಿಡದ ಬುಡದಲ್ಲಿ, ಎಲ್ಲ ಕಡೆ ಹುಡುಕಿದೆವು. ಅಷ್ಟರಲ್ಲಿ ಗಂಡ ಅಂಗಳದಿಂದ, "ಲಗೂ ಬರ್ರಿ!" ಎಂದು ಕೂಗಿದರು.

ಎರಡೂ ಮರಿ ಬೈಕಿನ ಮೇಲಿಟ್ಟ ಅವರ ಹೆಲ್ಮೆಟ್ಟಿನ ಮೇಲೆ ಒತ್ತೊತ್ತಾಗಿ ಕುಳಿತಿದ್ದವು. ತಾಯಿ ಜೇಡ ತಂದು ಬಾಯಿಗೆ ತುರುಕುತ್ತಿತ್ತು. ಮಗಳು ನಗುತ್ತ ಒಂದೇ ಗುಟುಕಿಗೆ ಹಾಲು ಕುಡಿದಳು. ನನಗೆ ಹೋದ ಜೀವ ಬಂತು.

ಆದರೆ ಹೆಲ್ಮೆಟ್ ಮುಟ್ಟಲು ಮಗಳು ಬಿಡಲೊಲ್ಲಳು. ಒಂಬತ್ತಾಯಿತು, ಹತ್ತಾಯಿತು. ಹುಬ್ಬಳ್ಳಿಯ ಆಫೀಸಿನಿಂದ ಸಾಹೇಬರ ಫೋನು ಬಂತು. ಗಂಡ ಸ್ಪೀಕರ್ ಹಾಕಿ ಕೈಕಟ್ಟಿ ನಿಂತರು.

"ಸರ್, ಹೆಲ್ಮೆಟ್ ಮ್ಯಾಲ ಹಕ್ಕಿಮರಿ ಕುಂತಾವ್ರಿ."

"ಹುಶ್ ಅನ್ನಪಾ!"

"ಅವಕ್ಕ ಇನ್ನೂ ಸರಿಯಾಗಿ ಹಾರಾಕ ಬರಂಗಿಲ್ರಿ ಸರ್."

ಸಾಹೇಬರು ಹೇಳಿದರು:

"ಹಂಗಾರ ನೀನ ಹಾರಿ ಬಾ!"