ಪ್ರಹ್ಲಾದನ ಎರವಲು ಬೆರಳು

“ನನ್ನ ಸಕ್ಕರೆಯ ನಂಬರು ಡಾಕ್ಟರನ್ನು ಬಿಟ್ಟರೆ ಬ್ರಹ್ಮನಿಗೂ ಕಾಣಿಸಲ್ಲ! ಪಾಸ್‌ವರ್ಡ್ ಇಟ್ಟಿರೋನು ಯಾರು ಅಂದ್ಕೊಂಡೆ?” ಎಂದು ಪ್ರಹ್ಲಾದ ಎದೆ ತಟ್ಟಿಕೊಂಡ. ಅಮೆರಿಕದ ಫಾರ್ಮರ್ಸ್ ಬ್ರಾಂಚ್ ಎಂಬ ಊರಿನ ಆಫೀಸಿನಲ್ಲಿ ಕಂಪ್ಯೂಟರುಗಳಿಗೆ ಬೀಗ ಜಡಿಯುವುದೇ ಅವನ ಕಸುಬು. ಇಸವಿ ೨೦೦೪. ಬೆರಳು ಚುಚ್ಚಿ, ಸಕ್ಕರೆ ಅಳೆಯುವ ಮೀಟರಿನ ವೈರನ್ನು ಕಂಪ್ಯೂಟರಿಗೆ ಸಿಕ್ಕಿಸಿದರೆ ಸಾಕು, ನಂಬರು ನೇರವಾಗಿ ಡಾಕ್ಟರ್ ಇಂದುಮತಿಯವರ ವೆಬ್‌ಸೈಟಿಗೆ!

ಹೆಂಡತಿ ಕೃಷ್ಣವೇಣಿಯದು ಒಂದೇ ಷರತ್ತು. “ರೀ, ಈ ವಾರ ಪೂರ್ತಿ ನಂಬರು ಚೆನ್ನಾಗಿದೆ ಅಂತ ಡಾಕ್ಟರ್ ಹೇಳಿದ್ರೆ ದೀಪಾವಳಿಗೆ ಎರಡು ಹೋಳಿಗೆ. ಇಲ್ಲದಿದ್ರೆ ಬರೀ ವಾಸನೆ!”

ಆರು ದಿನ ಹಾಗಲಕಾಯಿ ತಿಂದು ಪ್ರಹ್ಲಾದ ಋಷಿಯೇ ಆಗಿಬಿಟ್ಟ. ಏಳನೆಯ ದಿನ ಆಫೀಸಿನಲ್ಲಿ ಯಾರೋ ಜಾಮೂನಿನ ಡಬ್ಬ ತೆರೆದರು. ತಪೋಭಂಗ! ನಾಲ್ಕು ಜಾಮೂನು ಸ್ವಾಹಾ! ಊಟದ ನಂತರದ ನಂಬರು ಇನ್ನೂ ಕಳಿಸಬೇಕಲ್ಲ ಎಂದು ನೆನಪಾದಾಗ ಪ್ರಹ್ಲಾದ ಅತ್ತಿತ್ತ ನೋಡಿದ. ಪಕ್ಕದ ಸೀಟಿನಲ್ಲಿ ಕಡ್ಡಿಯಂಥ ಮಧ್ವೇಶ ಕೂತಿದ್ದ.

“ಮಧ್ವೇಶ, ಒಂದು ಬೆರಳು ಕೊಡಪ್ಪ. ಹೊಸ ಸೂಜಿ, ಒಂದೇ ಹನಿ.”

“ತಗೊಳ್ಳಿ ಸಾರ್. ಆದ್ರೆ ಇವತ್ತು ಏಕಾದಶಿ, ನಾನು ನೀರೂ ಕುಡಿದಿಲ್ಲ.”

“ಇನ್ನೂ ಒಳ್ಳೇದಾಯ್ತು!”

ಅರವತ್ತೆರಡು ಬಂತು. ಪ್ರಹ್ಲಾದ ಹಿರಿಹಿರಿ ಹಿಗ್ಗಿ ಕಳಿಸಿಯೇಬಿಟ್ಟ. ಸಕ್ಕರೆ ತೀರಾ ಇಳಿದರೂ ಅಪಾಯ ಅನ್ನುವುದು ಆ ಹಿಗ್ಗಿನಲ್ಲಿ ಮರೆತೇಹೋಗಿತ್ತು. ಆದರೆ ಡಾಕ್ಟರ್ ಮರೆಯುತ್ತಾರೆಯೇ? ನಂಬರು ನೋಡಿ ಗಾಬರಿಬಿದ್ದು, ಎದುರಿನ ಬಿಲ್ಡಿಂಗಿನಲ್ಲೇ ಕೆಲಸ ಮಾಡುವ ಕೃಷ್ಣವೇಣಿಗೆ ಫೋನ್ ಮಾಡಿದರು.

ಐದೇ ನಿಮಿಷ! ಚಪ್ಪಲಿ ಕೈಯಲ್ಲಿ ಹಿಡಿದು ಕೃಷ್ಣವೇಣಿ ಓಡಿ ಬಂದಳು.

“ರೀ, ಕಣ್ಣು ಕತ್ತಲೆ ಬರ್ತಿದ್ಯಾ? ಬೆವರ್ತಿದ್ದೀರಲ್ರೀ! ಮೊದಲು ಈ ಜ್ಯೂಸ್ ಕುಡೀರಿ!”

ಅವನು ಬೆವರುತ್ತಿದ್ದದ್ದು ನಿಜ, ಕಾರಣ ಮಾತ್ರ ಬೇರೆ. ನಿಜ ಹೇಳಿದರೆ ಹೋಳಿಗೆ ಹೋಯಿತು. ಕುಡಿದರೆ ಸಕ್ಕರೆ ಆಕಾಶಕ್ಕೆ! ಆದರೆ ಚಪ್ಪಲಿಯನ್ನೂ ಮೆಟ್ಟದೆ ಓಡಿ ಬಂದ ಅವಳ ಬರಿಗಾಲು ಕಂಡು ಪ್ರಹ್ಲಾದ ಲೋಟವನ್ನು ಪಕ್ಕಕ್ಕಿಟ್ಟ.

“ಅದು ನನ್ನ ರಕ್ತ ಅಲ್ಲ ಕಣೇ, ಮಧ್ವೇಶಂದು. ನನ್ನೊಳಗೆ ನಾಲ್ಕು ಜಾಮೂನು ಇದೆ.”

ಕೃಷ್ಣವೇಣಿ ಕುರ್ಚಿಯಲ್ಲಿ ಕುಸಿದು, ಕಣ್ಣೊರೆಸಿಕೊಂಡು, ಹೊಟ್ಟೆ ಹಿಡಿದು ನಕ್ಕಳು. ಪ್ರಹ್ಲಾದನಿಗೆ ಹೋದ ಜೀವ ಬಂದಂತಾಯಿತು.

“ಹಾಗಾದ್ರೆ... ಹೋಳಿಗೆ?”

“ಖಂಡಿತ! ಕೊಟ್ಟ ಮಾತಿಗೆ ತಪ್ಪೋಳಲ್ಲ ನಾನು. ನಂಬರು ಯಾವ ಬೆರಳಿಂದ ಬಂತೋ, ಹೋಳಿಗೆ ಆ ಬೆರಳಿಗೆ. ಮಧ್ವೇಶ, ದೀಪಾವಳಿಗೆ ನಮ್ಮನೆಗೇ ಊಟಕ್ಕೆ ಬಾರಪ್ಪ. ಇವರು ಬಡಿಸ್ತಾರೆ!”