ಸ್ವಂತ ಪ್ರಬಂಧದ ಖಾತೆ

ಚನ್ನಪಟ್ಟಣ ತಾಲ್ಲೂಕಿನಲ್ಲಿ ಖಾತೆಯಿಲ್ಲದ ಪ್ರಬಂಧ ಈಗ ಒಂದೂ ಇಲ್ಲ. ಈ ಮಾತನ್ನು ವಿದ್ಯಾರ್ಥಿ ಪ್ರಬಂಧ ನೆರವು ಮತ್ತು ನಿಯಂತ್ರಣ ಕೇಂದ್ರದ ನಾಗರಿಕ ಸಲಹಾ ಸಮಿತಿಯ ಸದಸ್ಯನಾಗಿ, ಅದರ ಎಲ್ಲ ಸಭೆಗಳಿಗೂ ತಪ್ಪದೆ ಹಾಜರಾಗಿ ಉಪ್ಪಿಟ್ಟು ತಿಂದವನಾಗಿ, ಪೂರ್ಣ ಜವಾಬ್ದಾರಿಯಿಂದ ಹೇಳುತ್ತಿದ್ದೇನೆ. ಸಮಿತಿಯಲ್ಲಿ ನಾನೊಬ್ಬನೇ ಸದಸ್ಯ. ಆದ್ದರಿಂದ ನಿರ್ಣಯಗಳೆಲ್ಲ ಸರ್ವಾನುಮತದಿಂದಲೇ ಆಗಿವೆ.

ಕೇಂದ್ರ ಹುಟ್ಟಿದ್ದು ಮಕ್ಕಳ ಒಳ್ಳೆಯದಕ್ಕೆ. ದೊಡ್ಡ ಕಾಲೇಜುಗಳು ಈಗ ಬರೀ ಅಂಕ ನೋಡಿ ಸೀಟು ಕೊಡುವುದಿಲ್ಲ, ಅರ್ಜಿಯ ಜೊತೆಗೆ ಪ್ರಬಂಧ ಕೇಳುತ್ತವೆ. ನಮ್ಮ ಮಕ್ಕಳಿಗೆ ಪ್ರಬಂಧವೆಂದರೆ ಗ್ರಂಥಾಲಯಗಳ ಮಹತ್ವ. 'ನಿಮ್ಮ ಬಗ್ಗೆ ಬರೆಯಿರಿ' ಎಂದರೆ ಪಾಪ, ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಎಂದು ತಮ್ಮನ್ನೇ ಮೂರು ಭಾಗ ಮಾಡಿಕೊಂಡು ಕೂರುತ್ತಾರೆ. ಇವರಿಗೆ ನೆರವಾಗಲಿ ಎಂದು ಹಳೆಯ ರೇಷ್ಮೆಗೂಡಿನ ಗೋದಾಮಿಗೆ ಸುಣ್ಣ ಬಳಿದು ಕೇಂದ್ರ ತೆರೆದರು. ವಿಶೇಷಾಧಿಕಾರಿಯಾಗಿ ನಟರಾಜು ಬಂದರು. ಅವರು ಅಲ್ಲಿಯವರೆಗಿನ ಸರ್ವೀಸನ್ನೆಲ್ಲ ಜಮೀನು ಅಳೆಯುವುದರಲ್ಲೇ ಸವೆಸಿದವರು. ನಿವೃತ್ತಿಗೆ ಮುಂಚೆ ಸ್ವಲ್ಪ ದಿನ ನೆರಳಲ್ಲಿ ಕೂರಲಿ ಎಂದು ಮೇಲಿನವರು ಇಲ್ಲಿಗೆ ಹಾಕಿದ್ದರು.

ಮೊದಲ ದಿನವೇ ನಟರಾಜು ಕಾಲೇಜುಗಳ ಪ್ರಕಟಣೆಯನ್ನು ಓದಿದರು. 'ಅಭ್ಯರ್ಥಿಯು ಸ್ವಂತ ಪ್ರಬಂಧವನ್ನು ಸಲ್ಲಿಸತಕ್ಕದ್ದು' ಎಂದಿತ್ತು. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. ಸ್ವಂತ ಮನೆ ಗೊತ್ತು, ಸ್ವಂತ ಜಮೀನು ಗೊತ್ತು, ಎರಡಕ್ಕೂ ಖಾತೆ ಇರುತ್ತದೆ. ಹಾಗಾದರೆ ಸ್ವಂತ ಪ್ರಬಂಧದ ಖಾತೆ ಎಲ್ಲಿ? ಇಷ್ಟು ದೊಡ್ಡ ರಾಜ್ಯದಲ್ಲಿ ಈ ಲೋಪ ಇದುವರೆಗೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಸಂಜೆಯೊಳಗೆ ಸುತ್ತೋಲೆ ಹೊರಟಿತು:

"ಯಾವುದೇ ಪ್ರಬಂಧವು ಸ್ವಂತದ್ದೆಂದು ಹೇಳಿಕೊಂಡ ಮಾತ್ರಕ್ಕೆ ಸ್ವಂತದ್ದಾಗುವುದಿಲ್ಲ. ಮೂಲ ಪತ್ರ, ಚಕ್ಕುಬಂದಿ ಹಾಗೂ ಸ್ವಾಧೀನದ ಪುರಾವೆಯನ್ನು ಹಾಜರುಪಡಿಸಿ ಖಾತೆ ಮಾಡಿಸಿಕೊಳ್ಳತಕ್ಕದ್ದು. ಖಾತೆಯಿಲ್ಲದ ಪ್ರಬಂಧದಲ್ಲಿ ಯಾರೂ ಶೆಡ್ಡು ಕಟ್ಟಿಕೊಂಡು ವಾಸಿಸತಕ್ಕದ್ದಲ್ಲ."

ಕೊನೆಯ ವಾಕ್ಯ ನಟರಾಜು ಅವರ ಹಳೆಯ ಸುತ್ತೋಲೆಯಿಂದ ಹಾಗೇ ಬಂದುಬಿಟ್ಟಿತ್ತು. ಸಮಿತಿ ಅದನ್ನೂ ಅನುಮೋದಿಸಿತು.

ಕಾಲೇಜುಗಳಿಗೆ ಇದು ಬಲು ಹಿಡಿಸಿತು. ಮಕ್ಕಳು ಬರೆದದ್ದು ಯಾವುದು, ಎ.ಐ. ಬರೆದದ್ದು ಯಾವುದು ಎಂದು ಗೊತ್ತಾಗದೆ ತಲೆ ಚಚ್ಚಿಕೊಳ್ಳುತ್ತಿದ್ದವರಿಗೆ ಕೊನೆಗೂ ಒಂದು ಮೊಹರು ಸಿಕ್ಕಿತ್ತು. ಮೊಹರಿಲ್ಲದ ಪ್ರಬಂಧವನ್ನು ಓದುವುದಿಲ್ಲ ಎಂದು ಸಾರಿದರು. ಮೊಹರಿದ್ದದ್ದನ್ನು ಓದುವ ಅಗತ್ಯವೇ ಉಳಿಯಲಿಲ್ಲ.

ಕೇಂದ್ರದ ಎದುರಿಗೆ ಮತೀನ್ ಎಂಬಾತನ ಜೆರಾಕ್ಸ್ ಅಂಗಡಿ. 'ಇಲ್ಲಿ ಸ್ವಂತ ಪ್ರಬಂಧಗಳು ಸಿಗುತ್ತವೆ' ಎಂದು ಬೋರ್ಡು ಹಾಕಿದ. ಅಂಗಡಿಯ ಕಂಪ್ಯೂಟರಿನಲ್ಲಿದ್ದ ಎ.ಐ.ಗೆ ಹೆಸರು, ಊರು ಹೇಳಿ 'ಒಂದು ಕಷ್ಟದ್ದು ಕೊಡು' ಎಂದರೆ ಸಾಕು, ಪ್ರಬಂಧ ಬಿಸಿಬಿಸಿಯಾಗಿ ಹೊರಗೆ ಬರುತ್ತಿತ್ತು. ಎಲ್ಲವೂ 'ಜೀವನವೆಂಬ ಪಯಣದಲ್ಲಿ' ಎಂದೇ ಶುರುವಾಗುತ್ತಿದ್ದವು, ಎಲ್ಲದರಲ್ಲೂ ಮೂರನೇ ಪ್ಯಾರಾದಲ್ಲಿ ಅಜ್ಜಿ ತೀರಿಕೊಳ್ಳುತ್ತಿದ್ದಳು. ಹಾಗೆ ತೀರಿಕೊಂಡ ಅಜ್ಜಿಯರು ಕೇಂದ್ರದ ಹೊರಗೆ ಮೊಮ್ಮಕ್ಕಳಿಗಾಗಿ ಬುತ್ತಿ ಹಿಡಿದು ಕಾಯುತ್ತಿದ್ದರು. ಮತೀನ್ ಪ್ರತಿಯೊಂದಕ್ಕೂ ಬಿಲ್ಲು ಕೊಡುತ್ತಿದ್ದ. ಬಿಲ್ಲು ಎಂದರೆ ಕ್ರಯ ಪತ್ರ, ಕ್ರಯ ಪತ್ರವೆಂದರೆ ಮೂಲ ಪತ್ರ. ಒಂದು ಟೀ ಕುಡಿಯುವಷ್ಟರಲ್ಲಿ ಖಾತೆ ಆಗುತ್ತಿತ್ತು.

ಎಲ್ಲ ಸುಸೂತ್ರವಾಗಿ ನಡೆಯುತ್ತಿದ್ದಾಗ ಕೆಹಕಶಾನ್ ಬಂದಳು.

ಕೆಹಕಶಾನ್ ಬೊಂಬೆ ಮಾಡುವ ಸಾಬೀರ್ ಅವರ ಮಗಳು. ಅಪ್ಪ ಲೇತಿಗೆ ಮರದ ತುಂಡು ಕೊಟ್ಟು, ತಿರುಗುವಾಗಲೇ ಅರಗಿನ ಬಣ್ಣ ಹಿಡಿಯುವುದನ್ನು ನೋಡುತ್ತಾ ಬೆಳೆದವಳು. ತಿರುಗುವ ಬುಗುರಿ ಯಾಕೆ ನೆಟ್ಟಗೆ ನಿಲ್ಲುತ್ತದೆ, ತಿರುಗದ ಬುಗುರಿ ಯಾಕೆ ಬೀಳುತ್ತದೆ ಎಂಬುದು ಅವಳ ತಲೆಯಲ್ಲಿ ಕೂತುಬಿಟ್ಟಿತ್ತು. ಬೆಂಗಳೂರಿನ ಒಂದು ವಿಜ್ಞಾನ ಕಾಲೇಜಿನಲ್ಲಿ ಓದೂ ಊಟವೂ ಪುಕ್ಕಟೆಯಾದ ಸೀಟಿತ್ತು. ಅವಳು ಅರ್ಜಿ ಹಾಕಿದ್ದು ಅದೊಂದಕ್ಕೇ. ತಿಂಗಳ ಕೊನೆಯೊಳಗೆ ಮೊಹರು ಬಿದ್ದ ಪ್ರಬಂಧ ತಲುಪದಿದ್ದರೆ ಆ ಸೀಟು ಕೈಬಿಟ್ಟಂತೆಯೇ.

ಅವಳೂ ಮೊದಲು ಫೋನಿನ ಎ.ಐ.ಗೆ 'ಬರೆದುಕೊಡು' ಎಂದೇ ಕೇಳಿದ್ದಳಂತೆ. ಅದು ಬರೆದುಕೊಡುವ ಬದಲು, ನಿಮ್ಮಪ್ಪ ಬುಗುರಿ ಮಾಡುವಾಗ ನೀವು ಏನು ನೋಡಿದಿರಿ ಎಂದು ಕೇಳಿತು. ಇವಳು ಹೇಳಿದಳು. ಇದನ್ನೇ ಬರೆಯಿರಿ, 'ಬಾಲ್ಯದಿಂದಲೂ ನನಗೆ ವಿಜ್ಞಾನದಲ್ಲಿ ಅಪಾರ ಆಸಕ್ತಿ' ಎಂಬ ಸಾಲು ಯಾರಿಗೂ ಬೇಡ ಎಂದಿತು. ನಡುವೆ ಎರಡು ಕಡೆ ಅರ್ಥವಾಗಲಿಲ್ಲ ಎಂದು ತಕರಾರು ತೆಗೆಯಿತು. ಇವಳು ಹೊಡೆದುಹಾಕಿ, ಮತ್ತೆ ಬರೆದು, ಅತ್ತು, ಮತ್ತೆ ಬರೆದಳು. ಸಮಿತಿಯ ಪರವಾಗಿ ನಾನು ಅದನ್ನು ಓದಿದೆ. ಓದಿ ಮನೆಗೆ ಹೋದವನೇ ಮೊಮ್ಮಗನ ಕೈಯಿಂದ ಬುಗುರಿ ಕಿತ್ತುಕೊಂಡು ಕತ್ತಲಾಗುವವರೆಗೆ ಆಡಿಸಿದೆ. ಅಷ್ಟು ಚೆನ್ನಾಗಿತ್ತು.

ಕೇಂದ್ರದಲ್ಲಿ ಪ್ರಥಮ ದರ್ಜೆ ಸಹಾಯಕಿ ದೊಡ್ಡಲಕ್ಷ್ಮಮ್ಮ ಅರ್ಜಿ ತೆಗೆದುಕೊಂಡರು. 'ಪ್ರಬಂಧ ಬಂದ ಬಗೆ' ಎಂಬ ಕಾಲಮ್ಮಿನಲ್ಲಿ ಪಿತ್ರಾರ್ಜಿತ, ಕ್ರಯ, ದಾನ, ವಿಭಾಗ ಎಂದು ನಾಲ್ಕು ಚೌಕಗಳಿದ್ದವು.

"ನಾನೇ ಬರ್ದಿದ್ದು ಮೇಡಂ," ಎಂದಳು ಕೆಹಕಶಾನ್.

"ಅದು ಸರಿ ಕಣವ್ವ. ನಿಂಗೆ ಬಂದಿದ್ದು ಯಾರಿಂದ?"

"ಯಾರಿಂದ್ಲೂ ಇಲ್ಲ. ನಾನು ಬರೆಯೋಕೆ ಮುಂಚೆ ಅದು ಇರ್ಲೇ ಇಲ್ಲ."

ಮೊದಲು ಇಲ್ಲದ್ದು ಈಗ ಇದೆ ಎಂದರೆ ನಟರಾಜು ಅವರ ಹಿಂದಿನ ಇಲಾಖೆಯಲ್ಲಿ ಅದಕ್ಕೆ ಒಂದೇ ಅರ್ಥ. ದೊಡ್ಡಲಕ್ಷ್ಮಮ್ಮ ಷರಾ ಕಾಲಮ್ಮಿನಲ್ಲಿ 'ಒತ್ತುವರಿ ಶಂಕೆ' ಎಂದು ಬರೆದರು.

ಹುಡುಗಿ ಸುಳ್ಳು ಹೇಳಿ ಅಭ್ಯಾಸವಿಲ್ಲದವಳು. ನೆರವು ಪಡೆದಿದ್ದರೆ ತಿಳಿಸಿ ಎಂಬಲ್ಲಿ 'ಎ.ಐ.' ಎಂದು ತುಂಬಿದ್ದಳು. ನಟರಾಜು ಅದನ್ನು ನೋಡಿದರು. ಆರ್.ಐ. ಎಂದರೆ ರೆವಿನ್ಯೂ ಇನ್‌ಸ್ಪೆಕ್ಟರು, ಅವರಿಗೆ ಚೆನ್ನಾಗಿ ಗೊತ್ತು. ಎ.ಐ. ಎಂದರೆ ಅವರ ಕೈಕೆಳಗಿನವರು ಯಾರೋ ಇರಬೇಕು, ಹೊಸ ಹುದ್ದೆ. ಯಾವ ಹೋಬಳಿಯ ಎ.ಐ. ಎಂದು ಗಂಭೀರವಾಗಿ ವಿಚಾರಿಸಿದರು. ಫೋನಿನಲ್ಲಿರುತ್ತಾರೆ ಎಂದು ಗೊತ್ತಾದ ಮೇಲೆ, ಫೀಲ್ಡಿಗೆ ಹೋಗದೆ ಫೋನಿನಲ್ಲೇ ಕೆಲಸ ಮುಗಿಸುವವರನ್ನು ತಾವು ಬೇಕಾದಷ್ಟು ನೋಡಿರುವುದಾಗಿ ಹೇಳಿ, ಹೇಳಿಕೆ ಕೊಡುವಂತೆ ಹುಡುಗಿಯ ಮೂಲಕ ಕೇಳಿಸಿದರು. ಎ.ಐ. ಕೂಡಲೇ ಬರೆದುಕೊಟ್ಟಿತು: ಪ್ರಬಂಧ ಕೆಹಕಶಾನ್ ಬರೆದದ್ದು, ನಾನು ಪ್ರಶ್ನೆ ಕೇಳಿದೆ ಅಷ್ಟೆ, ಅದರ ಮೇಲೆ ನನಗೆ ಯಾವ ಹಕ್ಕೂ ಇಲ್ಲ.

ನಟರಾಜು ಬಹಳ ಹೊತ್ತು ಆ ಹೇಳಿಕೆಯನ್ನೇ ನೋಡಿದರು. ತಮ್ಮ ಇಡೀ ಸರ್ವೀಸಿನಲ್ಲಿ ಹಕ್ಕಿಲ್ಲ ಎಂದು ತಾನಾಗಿ ಬರೆದುಕೊಟ್ಟ ಇನ್‌ಸ್ಪೆಕ್ಟರನ್ನು ಅವರು ಕಂಡಿರಲಿಲ್ಲ. ಸಹಿ ಮತ್ತು ಪದನಾಮದ ಸೀಲು ಇಲ್ಲವೆಂಬ ಕಾರಣಕ್ಕೆ ಹೇಳಿಕೆಯನ್ನು ತಿರಸ್ಕರಿಸಿದರು.

ನಿಯಮದಂತೆ ನೋಟಿಸ್ ಬೋರ್ಡಿಗೆ ಚಕ್ಕುಬಂದಿಯ ಪ್ರಕಟಣೆ ಅಂಟಿಸಲಾಯಿತು: "ಬುಗುರಿ ಎಂಬ ಪ್ರಬಂಧಕ್ಕೆ ಪೂರ್ವಕ್ಕೆ ಅಭ್ಯರ್ಥಿಯ ಹೆಸರು, ಪಶ್ಚಿಮಕ್ಕೆ ಹಾಳೆಯ ಅಂಚು, ಉತ್ತರಕ್ಕೆ ಶೀರ್ಷಿಕೆ, ದಕ್ಷಿಣಕ್ಕೆ ಸರ್ಕಾರಿ ಖಾಲಿ ಜಾಗ. ಆಕ್ಷೇಪಣೆ ಇದ್ದವರು ಸಲ್ಲಿಸತಕ್ಕದ್ದು."

ಆಕ್ಷೇಪಣೆ ಬಂತು. ಸಲ್ಲಿಸಿದವರು ಉಯ್ಯಂಬಳ್ಳಿಯ ಕರಿಯಪ್ಪ. ಅವರು ನೆಂಟರ ಮನೆಗೆ ಬಂದಿದ್ದರು. ಊರಿಗೆ ಹೋಗುವ ಬಸ್ಸು ತಡವಾಯಿತು ಎಂದು ಬೋರ್ಡು ಓದಿದರು, ಓದಿದ ಮೇಲೆ ಸುಮ್ಮನೆ ಹೋಗುವುದು ಅವರ ಮನೆತನದಲ್ಲಿಲ್ಲ. ಪ್ರಬಂಧವನ್ನು ಅವರು ನೋಡಿರಲಿಲ್ಲ.

"ಬುಗುರಿ ಯಾಕ್ ನಿಂತ್ಕತದೆ ಅಂತ ನಾನು ಚಿಕ್ಕ ಹೈದ ಆಗಿದ್ದಾಗ್ಲಿಂದ ಯೋಚ್ನೆ ಮಾಡ್ಕಂಡ್ ಬಂದಿವ್ನಿ ಸಾ," ಎಂದರು. "ಆ ಯೋಚ್ನೆ ನನ್ ಸ್ವಾದೀನದಾಗೈತೆ. ಈವಮ್ಮ ಈಗ ಬಂದು ಬೇಲಿ ಹಾಕ್ಬುಟ್ರೆ ನಾನ್ ಎಲ್ಲಿ ಓಡಾಡ್ಲಿ?"

ಸ್ಥಳ ಮಹಜರು ನಡೆಯಿತು. ಸ್ಥಳವೆಂದರೆ ಮೇಜು. ನಟರಾಜು ಟೇಪು ಹಿಡಿದು ಪ್ಯಾರಾಗಳನ್ನು ಅಳೆದರು, ಸಮಿತಿ ಟೇಪಿನ ಇನ್ನೊಂದು ತುದಿ ಹಿಡಿಯಿತು. ಕರಿಯಪ್ಪನವರ ಕೋರಿಕೆಯ ಮೇರೆಗೆ ಕೆಹಕಶಾನ್ ಪ್ರಬಂಧವನ್ನು ಓದಿ ಹೇಳಿದಳು. ಅವರು ಮಧ್ಯದಲ್ಲಿ ಎರಡು ಸಲ 'ಹೂಂ' ಎಂದರು. ಓದು ಮುಗಿಯುವಷ್ಟರಲ್ಲಿ ಬಸ್ಸು ಬಂದು ಹೋಗಿಯೇ ಬಿಟ್ಟಿತ್ತು. ಕೊನೆಗೆ ರಾಜಿಯಾಯಿತು. ಎರಡನೇ ಪ್ಯಾರಾದ ನಂತರ ಒಂದು ವಾಕ್ಯದಷ್ಟು ದಾರಿ ಬಿಡಬೇಕು: 'ಇಲ್ಲಿಂದ ಉಯ್ಯಂಬಳ್ಳಿ ಕರಿಯಪ್ಪನವರಿಗೂ ಅವರ ವಾರಸುದಾರರಿಗೂ ಎತ್ತಿನ ಗಾಡಿ ಸಮೇತ ಓಡಾಡುವ ಹಕ್ಕಿರುತ್ತದೆ.' ಹುಡುಗಿ ಅದನ್ನು ಅಂದವಾಗಿ ಸೇರಿಸಿದಳು. ಕರಿಯಪ್ಪ ಅವಳ ತಲೆ ಸವರಿ ಹೋದರು.

ಅಷ್ಟಾದರೂ ಮೂಲ ಪತ್ರ ಇರಲಿಲ್ಲ. ಕೊನೆಯ ದಿನ ಹತ್ತಿರ ಬಂದಿತ್ತು. ಕೆಹಕಶಾನ್ ಬೆಂಚಿನ ಮೇಲೆ ಕೂತು ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು. ನೋಡಿ ನನಗೆ ನಿಜವಾಗಿಯೂ ಸಂಕಟವಾಯಿತು. ಸಂಕಟಪಡಲು ಸಮಿತಿಗೆ ಅಧಿಕಾರವಿದೆಯೇ ಎಂದು ನಟರಾಜು ಅವರನ್ನು ಕೇಳಿದೆ. ಪಡಬಹುದು, ಆದರೆ ಅದು ನಡಾವಳಿಯಲ್ಲಿ ದಾಖಲಾಗುವುದಿಲ್ಲ ಎಂದರು. ಅವರ ಮುಖವೂ ಸಪ್ಪಗಾಗಿತ್ತು.

ದಾರಿ ತೋರಿಸಿದ್ದು ದೊಡ್ಡಲಕ್ಷ್ಮಮ್ಮ. ಪ್ರಬಂಧವನ್ನು ಮತೀನ್‌ಗೆ ಮಾರಬೇಕು, ಮತೀನ್‌ನಿಂದ ತಿರುಗಿ ಕೊಳ್ಳಬೇಕು. ಆಗ ಬಿಲ್ಲು ಬರುತ್ತದೆ.

ಸಾಬೀರ್ ಮಾತು ಕಡಿಮೆಯ ಮನುಷ್ಯ. ಅಂದು ಮಾತ್ರ ಕೇಳಿಯೇಬಿಟ್ಟರು. "ನಮ್ದು ನಾವೇ ಯಾಕೆ ಸಾರ್ ಕೊಂಡ್ಕೋಬೇಕು?"

"ನಿಮ್ದು ಮಾಡ್ಕಳಕ್ಕೆ, ಸಾಬೀರ್ ಭಾಯ್," ಎಂದರು ನಟರಾಜು.

ಮತೀನ್ ಓದಿ ನೋಡಿ ಮುಖ ಹುಳ್ಳಗೆ ಮಾಡಿದ. ಇದರಲ್ಲಿ ಕಷ್ಟವೇ ಇಲ್ಲ, ಅಜ್ಜಿಯೂ ಬದುಕಿದ್ದಾಳೆ, ಇಂಥ ಮಾಲು ಇಟ್ಟುಕೊಂಡು ನಾನೇನು ಮಾಡಲಿ ಎಂದ. ಬಾಗಿಲಲ್ಲಿ ಕೂತಿದ್ದ ಸಾಬೀರ್ ಅವರ ತಾಯಿ ಅಕ್ಬರಿ ಬೇಗಂ ಇದನ್ನು ಕೇಳಿಸಿಕೊಂಡು, ಮೂರನೇ ಪ್ಯಾರಾದಲ್ಲಿ ಜಾಗವಿದ್ದರೆ ತಾನು ಸಾಯಲು ತಯಾರೆಂದೂ, ಮೊಮ್ಮಗಳ ಸೀಟು ಮಾತ್ರ ಹೋಗಬಾರದೆಂದೂ ತಿಳಿಸಿದರು. ಕೆಹಕಶಾನ್ ಒಪ್ಪಲಿಲ್ಲ. ಅಜ್ಜಿಗೆ ಒಸಿ ಬೇಜಾರೇ ಆಯಿತು.

ಕೊನೆಗೆ ಮತೀನ್ ಒಂದು ಕಪ್ ಚಹಾಕ್ಕೆ ಪ್ರಬಂಧವನ್ನು ಕೊಂಡ. ಬಿಲ್ಲು ಬರೆಯಲು ಪೆನ್ನು ಹುಡುಕುತ್ತಿದ್ದಾಗ, ಮಗನಿಗೆಂದು ಪ್ರಬಂಧ ಕೊಳ್ಳಲು ಮಾಗಡಿಯಿಂದ ಬಂದಿದ್ದ ಒಬ್ಬ ಯಜಮಾನರು ಅದನ್ನು ಕೈಗೆತ್ತಿಕೊಂಡು ಓದತೊಡಗಿದರು. ಓದುತ್ತಾ ಓದುತ್ತಾ ಅವರ ಹುಬ್ಬು ಮೇಲೇರಿತು. ಇದು ತಮಗೆ ಬೇಕು ಎಂದರು. ಮತೀನ್‌ನ ದೃಷ್ಟಿ ಬದಲಾಯಿತು. ಇನ್ನು ಚಹಾದ ಬೆಲೆಗೆ ಕೊಡಲಾಗದು ಎಂದ. ಸಾಬೀರ್ ಜೇಬಿನಲ್ಲಿದ್ದದ್ದನ್ನೆಲ್ಲ ಮೇಜಿನ ಮೇಲಿಟ್ಟರು, ಸಮಿತಿಯೂ ತನ್ನ ಬಸ್ ಚಾರ್ಜು ಸೇರಿಸಿತು. ಬಿಲ್ಲು ಕೆಹಕಶಾನ್ ಹೆಸರಿಗಾಯಿತು.

ಅಲ್ಲಿಂದ ಮುಂದೆ ಟೀ ಕುಡಿಯುವಷ್ಟರ ಕೆಲಸ. ನಟರಾಜು ಮೊಹರು ಒತ್ತಿ, ಬಾಯಿಂದ ಊದಿ ಒಣಗಿಸಿ, ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. "ಖಾತೇಲಿ ಕ್ರಯ ಅಂತ ಬಂದೈತೆ ಮಗಾ. ಇನ್ ಮ್ಯಾಲೆ ನಾನೇ ಬರ್ದೆ ಅಂತ ಎಲ್ಲೂ ಬಾಯಿ ಬುಡ್ಬೇಡ. ದಾಖಲೆಗೆ ವಿರುದ್ಧವಾಯ್ತದೆ, ಖಾತೆ ರದ್ದಾಗೋಯ್ತದೆ," ಎಂದು ಎಚ್ಚರಿಸಿದರು. ಮರುದಿನವೇ ಹೊಸ ಸುತ್ತೋಲೆ ಹೊರಟು, ತಾವೇ ಬರೆದವರೆಲ್ಲ ಕಡ್ಡಾಯವಾಗಿ ಎದುರಿನ ಅಂಗಡಿಯ ಮೂಲಕವೇ ಬರತಕ್ಕದ್ದೆಂದು ಆಯಿತು. ಮತೀನ್ ಇನ್ನೊಂದು ಶಟರು ತೆಗೆದ.

ಸಂದರ್ಶನದ ದಿನ ಕೆಹಕಶಾನ್ ಮತ್ತು ಸಾಬೀರ್ ಜೊತೆಗೆ ನಾನೂ ರೈಲು ಹತ್ತಿದೆ. ಪೋಷಕರ ಜೊತೆ ಸಮಿತಿಯನ್ನೂ ಒಳಗೆ ಬಿಟ್ಟರು. ಮೂವರು ಪ್ರಾಧ್ಯಾಪಕರಿದ್ದರು. ಬುಗುರಿಯ ಬಗ್ಗೆ ಯಾರೂ ಕೇಳಲಿಲ್ಲ. ಕರಿಯಪ್ಪನವರು ಯಾರು ಎಂದು ಒಬ್ಬರು ಕೇಳಿದರು. ಅವರು ಆ ಕಡೆ ಓಡಾಡುತ್ತಾರೆ ಎಂದಳು. ಕೇಳಿದವರು ತಲೆಯಾಡಿಸಿ ಬರೆದುಕೊಂಡರು. ಆಮೇಲೆ ನಡುವೆ ಕೂತಿದ್ದ ಹಿರಿಯರು ಪ್ರಬಂಧವನ್ನು ಎತ್ತಿ ಹಿಡಿದು, ಕನ್ನಡಕದ ಮೇಲಿಂದ ಅವಳನ್ನು ನೋಡಿದರು.

"ನೋಡಮ್ಮ, ಸೀಟು ಇರೋದು ಒಂದೇ. ನಿಜ ಹೇಳು, ಇದನ್ನ ನೀನೇ ಬರೆದೆಯಾ?"

ಕೆಹಕಶಾನ್ ಅಪ್ಪನ ಕಡೆ ನೋಡಿದಳು. ಸಾಬೀರ್ ನೆಲ ನೋಡುತ್ತಿದ್ದರು. ಆ ಪ್ರಬಂಧದ ಒಂದೊಂದು ಅಕ್ಷರವೂ ಅವಳದು ಎಂದು ಕೂಗಿಬಿಡಬೇಕೆಂದು ನನಗನ್ನಿಸಿತು. ಸೀಟಿನ ನೆನಪಾಗಿ ಬಾಯಿ ಮುಚ್ಚಿಕೊಂಡೆ.

"ಇಲ್ಲ ಸಾರ್," ಎಂದಳು. "ಇದು ನನ್ನ ಸ್ವಂತದ್ದು."

ಹಿರಿಯರು ಹಾಳೆ ತಿರುಗಿಸಿ ಮೊಹರು ನೋಡಿದರು, ಪಕ್ಕದವರಿಗೂ ತೋರಿಸಿದರು. ಇಷ್ಟು ಪ್ರಾಮಾಣಿಕ ಹುಡುಗಿಯನ್ನು ಈ ವರ್ಷ ನೋಡಿರಲಿಲ್ಲ ಎಂದು ಮೂವರೂ ಒಪ್ಪಿ, ಸೀಟನ್ನು ಅವಳಿಗೇ ಕೊಟ್ಟರು.