ಸಸ್ಯಾಹಾರಿಯ ಗಾಳದ ನೊಣ

ಆ ಭಾನುವಾರ ನಿಜವಾಗಿ ಏನು ನಡೆಯಿತೆಂದು ನಾನು ಆಣೆಯಿಟ್ಟು ಹೇಳಲಾರೆ. ಮೀನು ಸಿಕ್ಕಿತು, ಅಷ್ಟು ಖಂಡಿತ. ಅದು ಮೊಳದಷ್ಟಿತ್ತೋ ತೋಳಿನಷ್ಟಿತ್ತೋ ಗೊತ್ತಿಲ್ಲ. ನನ್ನ ನೆನಪಿನಲ್ಲಿ ಅದು ದಿನಕ್ಕಿಷ್ಟು ಬೆಳೆಯುತ್ತಿದೆ. ಧಾರವಾಡದಲ್ಲಿ ಇತಿಹಾಸದ ಎಂ.ಎ. ಓದುವಾಗ ಕಲಿತದ್ದರಲ್ಲಿ ತಲೆಯಲ್ಲಿ ಉಳಿದಿರುವುದು ಒಂದೇ: ಲಾಭ ಇರುವ ಸಾಕ್ಷಿಯನ್ನು ಸುಮ್ಮನೆ ನಂಬಬಾರದು. ಈ ಪ್ರಕರಣದಲ್ಲಿ ಲಾಭ ಇರುವ ಸಾಕ್ಷಿ ನಾನೇ.

ನಮ್ಮದು ಗೋವಾದ ಮಡಗಾಂವದಲ್ಲಿ ಬಟ್ಟೆ ಅಂಗಡಿ. ಮನೆತನ ಎಂಥದೆಂದರೆ ಮೊಟ್ಟೆಯ ಹೆಸರೆತ್ತಿದರೂ ಅಡುಗೆಮನೆ ಮುಖ ಕಿವುಚುತ್ತದೆ. ಅಂಥ ಮನೆಯ ಕಿಟಕಿಯ ಪಕ್ಕದ ಮೇಜಿನ ಮೇಲೆ ನಾನು ಗಾಳದ ನೊಣ ಕಟ್ಟುತ್ತೇನೆ. ಅಂದರೆ ಬರಿಯ ಕೊಕ್ಕೆಗೆ ರೇಷ್ಮೆ ದಾರ, ಜರಿ, ಗರಿ ಸುತ್ತಿ, ಇದೇನೋ ತಿನ್ನುವ ವಸ್ತು ಎಂದು ಮೀನಿಗೆ ಭ್ರಮೆ ಹುಟ್ಟಿಸುವುದು. ಎರೆಹುಳು ಇಲ್ಲ, ಸಿಗಡಿ ಇಲ್ಲ; ಶುದ್ಧ ಸಸ್ಯಾಹಾರಿ ಮೋಸ. “ಹುಳಾ ಚುಚ್ಚೂದು ಪಾಪ, ಮೋಸಾ ಮಾಡೂದು ಪುಣ್ಯಾ ಏನ್ರಿ?” ಎಂದು ನನ್ನ ಹೆಂಡತಿ ಗಿರಿಜಾ ಕೇಳಿದಾಗ ನಾನು ಮಾತನ್ನು ಇತಿಹಾಸದ ಕಡೆಗೆ ತಿರುಗಿಸಿದೆ.

ಇತಿಹಾಸವೇನೋ ರುಚಿಯಾಗಿದೆ. ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಸಾಹೇಬರು ಸಾಲ್ಮನ್ ಮೀನಿನ ಆಸೆಗೆ ಅರ್ಧ ಜಗತ್ತಿನ ಹಕ್ಕಿಗಳನ್ನು ಬೋಳಿಸಿದರು. ದಕ್ಷಿಣ ಅಮೆರಿಕದ ಗಿಳಿ, ಚೀನಾದ ಬಂಗಾರದ ಕೋಳಿ, ನಮ್ಮ ನವಿಲು, ಯಾವುದನ್ನೂ ಬಿಡಲಿಲ್ಲ. ಮೊಲೆಂ ಕಾಡಿನಲ್ಲಿ ಈಗಲೂ ಕೂಗುತ್ತದಲ್ಲ, ಆ ಕಾಡುಕೋಳಿಯ ಕುತ್ತಿಗೆಯ ಗರಿಯಲ್ಲಿ ಅರಗಿನ ಹನಿಯಂಥ ಹೊಳಪಿದೆ. ಅದು ಹಡಗು ಹತ್ತಿ ಹೋಗಿ ಅವರ ನೊಣಗಳಿಗೆ ಕಣ್ಣಾಯಿತು. ಅಷ್ಟು ಶೃಂಗಾರ ಮಾಡಿಕೊಂಡ ಕೀಟ ಯಾವ ಹೊಳೆಯಲ್ಲೂ ಇಲ್ಲ. ಮೀನಿಗಿಂತ ಮೊದಲು ಸಾಹೇಬರೇ ಗಾಳ ನುಂಗಿದ್ದರು ಎಂಬುದು ನನ್ನ ಸಿದ್ಧಾಂತ. ಇಂದು ಕಾಡುಕೋಳಿಯ ಗರಿಗೆ ಕೈಹಾಕಿದರೆ ಅರಣ್ಯ ಇಲಾಖೆಯವರು ಮನೆಗೆ ಬರುತ್ತಾರೆ. ಹೀಗಾಗಿ ನಾನು ಊರಕೋಳಿಯ ಉದುರಿದ ಗರಿಗೆ ಗಿರಿಜಾಳ ಉಗುರುಬಣ್ಣ ಹಚ್ಚಿ ಕೆಲಸ ಸಾಗಿಸುತ್ತೇನೆ.

ಉಗುರುಬಣ್ಣ ಖಾಲಿಯಾದ ದಿನ ತೀರ್ಪು ಬಂತು. “ಈ ಐತವಾರ ಒಂದರೇ ಮೀನು ನಿಮ್ಮ ನೊಣಾ ಕಚ್ಚಬೇಕು. ಇಲ್ಲಾಂದ್ರ ಆ ಮೇಜಿನ ಮ್ಯಾಲೆ ನನ್ನ ಹೊಲಿಗಿ ಮಷೀನ್ ಕೂಡತೈತಿ.” ನೀವು ನಗಬಹುದು. ಆ ಮೇಜು ಹೋದರೆ ಇಡೀ ಮನೆಯಲ್ಲಿ ನನ್ನದೆಂದು ಉಳಿಯುವುದು ಚಪ್ಪಲಿ ಸ್ಟ್ಯಾಂಡಿನ ಒಂದು ಖಾನೆ.

ನೆರೆಮನೆಯ ಮಿಂಗೆಲ್ ನಮ್ಮಿಬ್ಬರನ್ನೂ ಮಾನಶಿಗೆ ಕರೆದುಕೊಂಡು ಹೋದ. ಹೊಳೆಯ ಉಪ್ಪುನೀರು ಗದ್ದೆಗೆ ನುಗ್ಗದಂತೆ ಕಟ್ಟೆಗೆ ಕೂರಿಸಿದ ಮರದ ಬಾಗಿಲು ಅದು. ಇಳಿತದ ಹೊತ್ತಿಗೆ ನೀರು ಹೊರಗೆ ಓಡುವಾಗ ಚಣಕ್ ಎಂಬ ದೊಡ್ಡ ಮೀನು ಅಲ್ಲಿ ಹೊಂಚುಹಾಕಿ ನಿಂತಿರುತ್ತದೆ. ಮಿಂಗೆಲ್ ತನ್ನ ಗಾಳಕ್ಕೆ ಸಿಗಡಿ ಚುಚ್ಚಿದ. ನನ್ನ ನೊಣವನ್ನು ಬೆಳಕಿಗೆ ಹಿಡಿದು, ನಮ್ಮ ಅಂಗಡಿಯಲ್ಲಿ ಹರಟಿ ಕಲಿತ ಕನ್ನಡದಲ್ಲಿ, “ಪಾತ್ರಾಂವ್, ಇದು ಮೀನಿಗೋ, ಮದುಮಗಳಿಗೋ?” ಎಂದು ಕೇಳಿದ. ಪಾತ್ರಾಂವ್ ಎಂದರೆ ಯಜಮಾನರು. ಗೋವಾದಲ್ಲಿ ಗೇಲಿಯನ್ನೂ ಮರ್ಯಾದೆಯಿಂದಲೇ ಮಾಡುತ್ತಾರೆ.

ನನ್ನ ಮೊದಲ ಎಸೆತ ನೇರವಾಗಿ ಕಲ್ಲುಕಟ್ಟೆಗೆ ಬಡಿಯಿತು. ಜರಿ ಬಿಚ್ಚಿತು, ನವಿಲುಗರಿ ಹಾರಿಹೋಯಿತು, ಉಗುರುಬಣ್ಣದ ಕಣ್ಣು ಕುರುಡಾಯಿತು. ಕೊಕ್ಕೆಯಲ್ಲಿ ಉಳಿದದ್ದು ಹುಂಜದ ಎರಡು ಗರಿ. ಉಳಿದ ನೊಣಗಳನ್ನು ತಂದಿರಲಿಲ್ಲ. ನೆಂದರೆ ಕೆಡುತ್ತವೆಂದು ಮನೆಯಲ್ಲೇ ಬಿಟ್ಟಿದ್ದೆ. ಕಟ್ಟೆಯ ಮೇಲೆ ಕೂತು ಉಲ್ಲನ್ ತೋರಣ ಹೆಣೆಯುತ್ತಿದ್ದ ಗಿರಿಜಾ ಒಂದು ಗೇಣು ಕೆಂಪು ದಾರವನ್ನು ಹಲ್ಲಿನಿಂದ ಕಡಿದು ಕೊಟ್ಟಳು. “ಇದನ್ನ ಸುತ್ರಿ. ಸೋಲೂದಿದ್ರ ಪೂರಾ ಸೋಲ್ರಿ, ಅರ್ಧಾ ಬ್ಯಾಡ.”

ಸುತ್ತಿದೆ. ಎಸೆದೆ. ಬಾಗಿಲ ಬಾಯಲ್ಲಿ ನೀರು ಭಗ್ಗನೆ ಸಿಡಿಯಿತು. ಮುಂದಿನದಕ್ಕೆ ನಾನು ಜವಾಬ್ದಾರನಲ್ಲ. ನನ್ನ ನೆನಪಿನಂತೆ ನಾನು ಗಂಭೀರವಾಗಿ ನಿಂತು ದಾರ ಬಿಡುತ್ತ, ಎಳೆಯುತ್ತ ಇದ್ದೆ. ಮಿಂಗೆಲ್ ಪ್ರಕಾರ ಅವ್ವನನ್ನು ಕೂಗುತ್ತಿದ್ದೆ. ಗಿರಿಜಾಳ ಉಲ್ಲನ್ ಉಂಡೆ ಹೊಳೆಗೆ ಉರುಳಿತು, ಅವಳು “ಜಗ್ರಿ, ಜಗ್ರಿ” ಎಂದು ನನ್ನ ಅಂಗಿಯನ್ನೇ ಹಿಡಿದು ಜಗ್ಗುತ್ತಿದ್ದಳು. ಕೊನೆಗೆ ಬೆಳ್ಳಿಯಂಥ ಚಣಕ್ ದಡಕ್ಕೆ ಬಂತು. ಆಗ ಗಂಡಹೆಂಡತಿ ಮುಖ ಮುಖ ನೋಡಿಕೊಂಡೆವು. ಸಿಕ್ಕರೆ ಏನು ಮಾಡುವುದೆಂದು ಇಬ್ಬರೂ ಯೋಚಿಸಿರಲೇ ಇಲ್ಲ. ಕೊಕ್ಕೆ ಬಿಡಿಸಿ ಅದನ್ನು ನೀರಿಗೆ ಬಿಟ್ಟೆ. ಫೋಟೋ ತೆಗೆಯುವುದು ಯಾರಿಗೂ ಹೊಳೆಯಲಿಲ್ಲ. ಮಿಂಗೆಲ್ ತಲೆಯ ಮೇಲೆ ಕೈಹೊತ್ತು ಕೂತುಬಿಟ್ಟ. “ಚಣಕ್ ಬಿಟ್ರಿ,” ಎಂದ. ಸ್ವಲ್ಪ ಹೊತ್ತಾದ ಮೇಲೆ ಮತ್ತೆ, “ಚಣಕ್,” ಎಂದ.

ಗೆದ್ದ ರಾಜನಂತೆ ಮನೆಗೆ ಬಂದೆ. ಮೇಜು ನನ್ನದಾಯಿತು. ಮರುದಿನ ಗಿರಿಜಾ, ಮೀನು ಕಚ್ಚಿದ್ದು ತನ್ನ ಉಲ್ಲನ್ನನ್ನು, ಅರ್ಧ ಮೇಜು ತನಗೆ ಬರಬೇಕು ಎಂದಳು. ನೊಣವೆಂದರೆ ಗರಿ, ಉಲ್ಲನ್ ಶಾಸ್ತ್ರೀಯ ನೊಣದ ಭಾಗವೇ ಅಲ್ಲ ಎಂದು ವಾದಿಸಿ, ಪುರಾವೆ ತರುತ್ತೇನೆಂದು ಗ್ರಂಥಾಲಯಕ್ಕೆ ಹೋದೆ. ಪುರಾವೆ ಸಿಕ್ಕಿತು. ಅವಳಿಗೆ ಇನ್ನೂ ಹೇಳಿಲ್ಲ. ನಿಮಗೆ ಹೇಳುತ್ತೇನೆ, ಏಕೆಂದರೆ ಇದೊಂದನ್ನು ಮಾತ್ರ ಎರಡು ಪುಸ್ತಕ ತೆರೆದು ಖಚಿತಪಡಿಸಿಕೊಂಡಿದ್ದೇನೆ. ಕೃತಕ ನೊಣ ಕಟ್ಟುವ ಬಗ್ಗೆ ಉಳಿದಿರುವ ಅತ್ಯಂತ ಹಳೆಯ ವಿವರಣೆ ರೋಮನ್ನರ ಕಾಲದ್ದು, ಮ್ಯಾಸಿಡೋನಿಯಾದ ಹೊಳೆಯೊಂದರ ಬೆಸ್ತರ ಕುರಿತದ್ದು: ಅವರು ಕೊಕ್ಕೆಗೆ ಕೆಂಪು ಉಣ್ಣೆ ಸುತ್ತಿ, ಅದರ ಮೇಲೆ ಹುಂಜದ ಎರಡು ಗರಿ ಕಟ್ಟುತ್ತಿದ್ದರು.